ಮೂರನೇ ಮಹಡಿಯ ಮೆಟ್ಟಿಲು

ಅವರ ಎಡ ಹುಬ್ಬು ಅರ್ಧಕ್ಕೇ ನಿಂತಿತ್ತು. ಉಳಿದರ್ಧ ಯಾವುದೋ ಗೋದಾಮಿನ ಬೆಂಕಿಯಲ್ಲಿ ಸುಟ್ಟುಹೋಗಿ ಮತ್ತೆ ಬೆಳೆದಿರಲಿಲ್ಲ. ಕೋಲ್ಕತ್ತದಲ್ಲಿ ಅಗ್ನಿಶಾಮಕ ದಳಕ್ಕೆ ದಮಕಲ್ ಎನ್ನುತ್ತಾರೆ, ಚಿಕ್ಕಪ್ಪನಿಗೆ ಕಾಕು. ಹಾಗಾಗಿ ಮಗಳ ತರಗತಿಯ ಮಕ್ಕಳಿಗೆಲ್ಲ ಅವರು ದಮಕಲ್ ಕಾಕು. ಮಕ್ಕಳು ಅವರ ಚಿತ್ರ ಬರೆಯುವಾಗ ಎರಡೂ ಹುಬ್ಬನ್ನು ತುಂಬಿಸಿ ಬರೆದರು. ನನ್ನ ಮಗಳೊಬ್ಬಳೇ ಒಂದೂವರೆ ಬರೆದಳು. ಕಂಡದ್ದನ್ನು ಕಂಡ ಹಾಗೆ ಬರೆಯುವ ಹುಡುಗಿ ಅವಳು. ಆ ಗುಣ ನನ್ನಿಂದ ಬಂದದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮನ್ನು ಕಾಯುವವರಿಗೆ ನಾಲ್ಕನೇ ತರಗತಿಯ ಮಕ್ಕಳು ಧನ್ಯವಾದ ಹೇಳಿ ಬರಬೇಕು ಎಂದು ಆ ವರ್ಷ ಶಾಲೆಯವರು ಗೊತ್ತುಮಾಡಿದ್ದರು. ಒಂದು ವಿಭಾಗದ ಮಕ್ಕಳು ಸೈನಿಕರಿಗೆ ರಾಖಿ ಕಟ್ಟಲು ಹೋದರು. ನಮ್ಮ ಪಾಲಿಗೆ ಡಮ್ ಡಮ್ ಹತ್ತಿರದ ದಮಕಲ್ ಠಾಣೆ ಬಂತು. ಜೊತೆಗೆ ಹೋದ ತಾಯಂದಿರಲ್ಲಿ ನಾನೂ ಒಬ್ಬಳು. ಮಗಳನ್ನು ಜವಾನರ ಪಕ್ಕ ನಿಲ್ಲಿಸಿ ಫೋಟೊ ತೆಗೆದು ಧಾರವಾಡದ ನೆಂಟರಿಗೆಲ್ಲ ಕಳಿಸಬೇಕೆಂದಿದ್ದೆ. ಅದು ತಪ್ಪಿತಲ್ಲ ಎಂದು ಮುಖ ಊದಿಸಿಕೊಂಡೇ ಹೋದೆ. ಎಂಥ ಸಣ್ಣತನ!

ಮಕ್ಕಳು ಮಾಡಿ ತಂದಿದ್ದ ಧನ್ಯವಾದದ ಕಾರ್ಡುಗಳಷ್ಟನ್ನೂ ಕಾಕು ನಿಧಾನವಾಗಿ ಓದಿದರು. ಆಮೇಲೆ ಒಂದನ್ನು ತಿರುಗಿಸಿ, "ಹಿಂದೆ ಖಾಲಿ ಬಿಟ್ಟಿದ್ದೀರಲ್ಲ" ಎಂದರು. "ಮನೆಗೆ ಒಯ್ದು ಇಲ್ಲಿ ನಿಮ್ಮ ನಿಮ್ಮ ಮನೆ ಮೆಟ್ಟಿಲು ಬರೆದು ಕಳಿಸಿ, ಈ ಗೋಡೆಗೆ ಹಾಕ್ತೀನಿ. ಅದರ ಮೇಲೆ ಏನೇನಿದೆಯೋ ಎಲ್ಲ ಬರೀಬೇಕು. ಚಪ್ಪಲಿ, ಸೈಕಲ್ಲು, ಬೆಕ್ಕು."

ಮಕ್ಕಳು ನಕ್ಕರು. ಅವರು ನಗಲಿಲ್ಲ.

"ಹೊಗೆಯಲ್ಲಿ ನನಗೆ ಏನೂ ಕಾಣೋದಿಲ್ಲ. ನೀವು ಬರೆದದ್ದು ನೆನಪಿದ್ದರೆ ಅದೇ ನನ್ನ ಕಣ್ಣು."

ಆಮೇಲೆ ಅವರು ನಮ್ಮ ಮನೆಯ ತಿರುವಿನ ಚಹಾದಂಗಡಿಯಲ್ಲಿ ಆಗಾಗ ಸಿಗುತ್ತಿದ್ದರು. ಎಲ್ಲಿ ನಡೆದರೂ ಬಲಗೈಯ ಬೆರಳನ್ನು ಗೋಡೆಗೆ ತಾಗಿಸಿಕೊಂಡೇ ನಡೆಯುವರು. ಮೂರೇ ಮೆಟ್ಟಿಲಿದ್ದರೂ ತುಟಿಯಲ್ಲೇ ಎಣಿಸಿ ಹತ್ತುವರು. ಒಮ್ಮೆ ನಮ್ಮ ಕಟ್ಟಡವನ್ನು ನೋಡುತ್ತಾ, "ಮೊದಲ ಮಹಡಿಗೆ ಎಷ್ಟು ಮೆಟ್ಟಿಲು, ದೀದಿ?" ಎಂದು ಕೇಳಿದರು. ಆರು ವರ್ಷದಿಂದ ಹತ್ತಿಳಿಯುತ್ತಿದ್ದ ನನಗೆ ಗೊತ್ತಿರಲಿಲ್ಲ. ಮಗಳು "ಹದಿನೆಂಟು" ಎಂದಳು. ಅವರು ತಮ್ಮ ಬಿಸ್ಕತ್ತನ್ನು ಅವಳಿಗೆ ಕೊಟ್ಟು, "ಇವಳು ನಮ್ಮವಳು" ಎಂದರು. ಅಂದಿನಿಂದ ಅವಳನ್ನು ಮಾಮೊನಿ, ಅಂದರೆ ಪುಟ್ಟಮ್ಮ, ಎಂದೇ ಕರೆದರು.

ಕಾರ್ಡಿನ ಹಿಂದೆ ಮಗಳು ಬರೆದ ನಮ್ಮ ಮೆಟ್ಟಿಲಿನಲ್ಲಿ ಎಲ್ಲವೂ ಇತ್ತು. ಮೂರನೇ ಮಹಡಿಯ ನಮ್ಮ ಬಾಗಿಲ ಮುಂದೆ ಎಡಕ್ಕೆ ತುಳಸಿ ಕುಂಡ, ಬಲಕ್ಕೆ ಚಪ್ಪಲಿ ಸ್ಟ್ಯಾಂಡು, ಹಳೆಯ ಪೇಪರಿನ ಕಟ್ಟು, ಹೊಸದು ಬಂದಾಗ ಹೊರಗಿಟ್ಟ ಹಳೆಯ ವಾಷಿಂಗ್ ಮೆಷೀನು. ಅದರ ಮುರಿದ ಮುಚ್ಚಳವನ್ನೂ ಬಿಟ್ಟಿರಲಿಲ್ಲ. ಇದು ಠಾಣೆಯ ಗೋಡೆಗೇರುತ್ತದೆ, ಬೇರೆ ತಾಯಂದಿರೂ ನೋಡುತ್ತಾರೆ ಎಂದು ನನ್ನ ಮೈ ಹಿಡಿಯಾಯಿತು.

"ಇಷ್ಟೆಲ್ಲ ಯಾಕ ಬರದಿ? ನೋಡಿದವ್ರು ಏನಂತಾರ?"

"ಬಟ್ ಅಮ್ಮಾ, ಅದು ಅಲ್ಲೇ ಐತಿ."

"ಇವತ್ತ ಐತಿ. ನಾಳೆ ತೆಗಸ್ತೀನಿ. ತುಳಸಿ ಒಂದ ಬರಿ, ಚಂದ ಕಾಣತೈತಿ."

ಹೊಸ ಕಾರ್ಡಿನಲ್ಲಿ ತುಳಸಿಯೊಂದನ್ನೇ ಬರೆಸಿ ಕಳಿಸಿದೆ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಬೇಡದ ಅಂಕಿಯನ್ನು ಅಳಿಸಬಾರದು ಎಂದು ವರ್ಷವಿಡೀ ಹುಡುಗರ ತಲೆ ತಿನ್ನುವವಳು. ಮೆಷೀನನ್ನು ನಾಳೆಯೂ ತೆಗೆಸಲಿಲ್ಲ, ನಾಡಿದ್ದೂ ತೆಗೆಸಲಿಲ್ಲ.

ಐದು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಾನೂ ಮಗಳೂ ತರಕಾರಿ ಕೊಂಡು ಬರುವಷ್ಟರಲ್ಲಿ ಮನೆ ಮುಂದೆ ಕೆಂಪು ಗಾಡಿ ನಿಂತಿತ್ತು. ಕೆಳಗಿನ ಮೀಟರ್ ಪೆಟ್ಟಿಗೆಗೆ ಬೆಂಕಿ ಹತ್ತಿ ಮೆಟ್ಟಿಲ ತುಂಬಾ ಹೊಗೆ. ನಾಲ್ಕನೇ ಮಹಡಿಯ ಅಜ್ಜಿಯನ್ನು ಇಬ್ಬರು ಎತ್ತಿಕೊಂಡು ಬಂದರು. ಅವರ ಹಿಂದೆ ಕಾಕು ಬಂದರು, ಇನ್ನಿಬ್ಬರ ಹೆಗಲ ಮೇಲೆ ಕೈ ಹಾಕಿ, ಬಲಗಾಲು ಎಳೆದುಕೊಂಡು. ಹೊಗೆಯಲ್ಲಿ ಮೊದಲು ಹತ್ತಿದವರು ಅವರೇ. ನಮ್ಮ ಬಾಗಿಲ ಮುಂದೆ ಮೆಷೀನಿಗೆ ಎಡವಿ ಬಿದ್ದು ಮೊಣಕಾಲು ಒಡೆದುಕೊಂಡಿದ್ದರು.

ಮಗಳೊಂದಿಗೆ ಆಸ್ಪತ್ರೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ತಪ್ಪು ನನ್ನದೇ, ದೀದಿ" ಎಂದರು. "ಈ ಮಾಮೊನಿಯ ಚಿತ್ರ ನೆನಪಿತ್ತು. ಎಡಕ್ಕೆ ತುಳಸಿ, ಬಲಕ್ಕೆ ಖಾಲಿ. ಅದನ್ನೇ ನಂಬಿ ಬಲಕ್ಕೆ ನುಗ್ಗಿದೆ. ಬರೆಯೋವಾಗ ಮರೆತಿರಬೇಕು. ಮಕ್ಕಳಲ್ವಾ."

"ಹೌದು, ಮಕ್ಕಳು" ಎಂದೆ.

ಅಂದೇಬಿಟ್ಟೆ. ಮಗಳು ನನ್ನ ಮುಖ ನೋಡಿದಳು. ಬರುವಾಗ ಆಟೋದಲ್ಲಿ ಮೆಲ್ಲಗೆ, "ಅಮ್ಮಾ, ನಾ ಮರತಿರಲಿಲ್ಲ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೇನೋ ನೆನಪಿಲ್ಲವೆಂದುಕೊಂಡು ನೆನಪಿಸುವವಳ ಹಾಗೆ ಹೇಳಿದಳು. ನಾಚಿಕೆಯಿಂದ ನಾನು ರಸ್ತೆ ನೋಡುತ್ತಾ ಕೂತೆ.

ಮೆಷೀನು ಆ ವಾರವೇ ಹೋಯಿತು, ಅದರ ಹಿಂದೆಯೇ ಚಪ್ಪಲಿ ಸ್ಟ್ಯಾಂಡೂ ಪೇಪರಿನ ಕಟ್ಟೂ ಹೋದವು. ನಿಜ ಹೇಳಲು ಮಾತ್ರ ಏಳು ತಿಂಗಳು ಬೇಕಾಯಿತು. ಅವರ ಮೊಣಕಾಲು ಮೊದಲಿನಂತಾಗಲಿಲ್ಲ. ಏಣಿ ಹತ್ತುತ್ತಿದ್ದವರನ್ನು ಫೋನಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ತಿಂಗಳ ಕೊನೆಗೆ ನಿವೃತ್ತರಾಗಿ ಗೊಸಾಬಾದ ಕಡೆಯ ತಮ್ಮ ಊರಿಗೆ ಹೋಗುತ್ತಾರಂತೆ ಎಂದು ಚಹಾದಂಗಡಿಯವನು ಹೇಳಿದ. ಮೊದಲ ಕಾರ್ಡು ಮಗಳ ಚಿತ್ರದ ಚೀಲದಲ್ಲೇ ಇತ್ತು. ಅವಳನ್ನೂ ಕರೆದುಕೊಂಡು ಠಾಣೆಗೆ ಹೋದೆ.

"ಇವಳು ಮರೆತಿರಲಿಲ್ಲ. ಹೊಸ ಕಾರ್ಡಿನಲ್ಲಿ ಎಲ್ಲ ಬಿಟ್ಟು ಬರೆಸಿದ್ದು ನಾನು. ಅವತ್ತು ಆಸ್ಪತ್ರೆಯಲ್ಲಿ ತಪ್ಪನ್ನು ಇವಳ ಮೇಲೆ ಬಿಟ್ಟು ಸುಮ್ಮನಿದ್ದದ್ದೂ ನಾನೇ" ಎಂದೆ.

ಅವರು ಆ ಕಾರ್ಡನ್ನು ಕೈಗೆ ತೆಗೆದುಕೊಂಡರು. ಮುರಿದ ಮುಚ್ಚಳದ ಮೇಲೆ ಬೆರಳಾಡಿಸಿದರು. ಕೋಲೂರಿ ಎದ್ದು ಗೋಡೆಯ ಮೇಲಿದ್ದ ತುಳಸಿಯ ಚಿತ್ರ ತೆಗೆದು, ಆ ಜಾಗದಲ್ಲಿ ಇದನ್ನು ಸಿಕ್ಕಿಸಿದರು. ಆಮೇಲೆ ಮಗಳನ್ನು ಹತ್ತಿರ ಕರೆದು, "ನಿನ್ನನ್ನು ಮರೆಗುಳಿ ಅಂದುಬಿಟ್ಟೆ, ಮಾಮೊನಿ. ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎಂದರು. ಮೊಣಕಾಲು ಒಡೆದುಕೊಂಡವರು ಅವರು, ಕ್ಷಮೆ ಕೇಳಿದವರೂ ಅವರೇ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ಈಗ ಮೂರನೇ ಮಹಡಿಯಲ್ಲಿ ಏನೇನಿದೆ?" ಎಂದು ಅವಳನ್ನೇ ಕೇಳಿದರು.

"ತುಳಸಿ ಒಂದೇ" ಎಂದಳು ಮಗಳು.

ಅವರು ಜೇಬಿನಿಂದ ಪೆನ್ಸಿಲ್ ತೆಗೆದು, ಚಪ್ಪಲಿ ಸ್ಟ್ಯಾಂಡು, ಪೇಪರಿನ ಕಟ್ಟು, ಮೆಷೀನು, ಒಂದೊಂದರ ಮೇಲೂ ಗೀಟೆಳೆದರು. ನನಗೂ ಚಹಾ ತರಿಸಿದರು, ನಮ್ಮೂರು, ನಮ್ಮವರು ಎಂದು ವಿಚಾರಿಸಿದರು. ಮೆಟ್ಟಿಲ ವಿಷಯ ಮಾತ್ರ ನನ್ನನ್ನು ಕೇಳಲಿಲ್ಲ.