ಐದು ಕಾಲಿನ ಆನೆ

ಇನ್ನೊಬ್ಬರ ಸಿಂಹವನ್ನು ನೋಡಿ ನಾನು ನಕ್ಕಿದ್ದೇನೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅಮೆರಿಕದ ಡರ್ಹಮ್‌ನ ಗ್ರಂಥಾಲಯವೊಂದರಲ್ಲಿ, ಯುರೋಪಿನಲ್ಲಿ ಅಚ್ಚಾದ ಮೊದಮೊದಲ ಕಸೂತಿ ಮಾದರಿ ಪುಸ್ತಕಗಳ ಪುಟಗಳನ್ನು ಗಾಜಿನ ಕೆಳಗೆ ಇಟ್ಟಿದ್ದರು. ಚೌಕುಳಿ ಮನೆಗಳಲ್ಲಿ ಜಿಂಕೆ, ನವಿಲು, ಒಂಟಿಕೊಂಬಿನ ಕುದುರೆ. ಸಿಂಹ ಮಾತ್ರ ಆಗತಾನೇ ಕ್ಷೌರದಂಗಡಿಯಿಂದ ಹೊರಬಿದ್ದ ನಾಯಿಯಂತಿತ್ತು. ಅಚ್ಚು ಕೆತ್ತಿದವನು ಸಿಂಹವನ್ನು ಕಂಡಿರಲಾರ. ಇನ್ನೊಂದು ಪುಸ್ತಕದ ಸಿಂಹವನ್ನು ಕಂಡಿದ್ದ, ಅಷ್ಟೇ. ಆ ಮುದ್ರಕರು ಒಬ್ಬರಿಂದೊಬ್ಬರು ಧಾರಾಳವಾಗಿ ಚಿತ್ರಗಳನ್ನು ಎತ್ತುತ್ತಿದ್ದರಂತೆ. ಕೊಂಡವರೋ, ಗೆರೆಗುಂಟ ಸೂಜಿ ಚುಚ್ಚಿ ಚಿತ್ರವನ್ನು ಬಟ್ಟೆಗೆ ಇಳಿಸಿಕೊಳ್ಳುತ್ತ ಪುಟಗಳನ್ನೇ ಜರಡಿ ಮಾಡಿದರು. ಹಾಗಾಗಿ ಉಳಿದ ಪ್ರತಿಗಳು ಕಡಿಮೆ. ಓದಿ ಹರಿದ ಪುಸ್ತಕಗಳು ನಮ್ಮ ಮನೆಯಲ್ಲೂ ಇವೆ. ಹೊಲಿದು ಮುಗಿಸಿದ ಪುಸ್ತಕದ ಸುದ್ದಿ ಕೇಳಿದ್ದು ಅದೇ ಮೊದಲು.

ನಾನೇನು ಕಡಿಮೆ? ಪಕ್ಕದ ಊರಾದ ರಾಲಿಯಲ್ಲಿ ನನ್ನನ್ನೂ ಸೇರಿಸಿ ಎಂಟು ಜನ ಶನಿವಾರ ಕಸೂತಿಗೆ ಕೂಡುತ್ತೇವೆ. ಧಾರವಾಡದಲ್ಲಿ ನಮ್ಮವ್ವ ಇಳಕಲ್ ಸೀರೆಯ ಸೆರಗಿಗೆ ಹಾಕಿದ್ದ ಆನೆಯನ್ನು ನೆನಪಿನಿಂದ ಎಕ್ಸೆಲ್ ಹಾಳೆಯ ಮನೆಗಳಲ್ಲಿ ತುಂಬಿ, ‘ಅವ್ವನ ಆನೆ’ ಎಂದು ಎಲ್ಲರಿಗೂ ಕಳಿಸಿದ್ದೆ; ಎಲ್ಲರೂ ಅದನ್ನೇ ಹೊಲಿಯುತ್ತಿದ್ದೆವು. ಅವ್ವ ಈಗಿಲ್ಲ, ಸೀರೆಯೂ ಇಲ್ಲ, ಒಂದು ಫೋಟೊ ಕೂಡ ಇಲ್ಲ. ಆನೆಯಾದರೂ ಉಳಿಯಲಿ ಎಂಬ ಆಸೆ.

ಹುಬ್ಬಳ್ಳಿಯಿಂದ ಡಾಕ್ಟರ್ ಮಗಳ ಮನೆಗೆ ಬಂದಿದ್ದ ಶಾಂತಕ್ಕ ಒಂದು ಶನಿವಾರ ನನ್ನ ಬಟ್ಟೆಯನ್ನು ಕೈಗೆತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು.

“ಏನವಾ, ಸೊಂಡಿ ಬಿಟ್ಟು ಎಣಿಸೀನಿ. ನಿಮ್ಮ ಆನಿಗೆ ಐದು ಕಾಲು ಅದಾವಲ್ಲ!”

“ಸ್ಪೇರ್ ಒಂದು ಇರ್ಲಿ ಬಿಡಿ ಆಂಟಿ, ಲಾಂಗ್ ಡ್ರೈವ್‌ಗೆ ಬೇಕಾಗುತ್ತೆ,” ಎಂದಳು ಮೈಸೂರಿನ ರಶ್ಮಿ.

ಎಲ್ಲರೂ ನಕ್ಕರು, ನಾನೂ ಮುಖದ ಮಟ್ಟಿಗೆ ನಕ್ಕೆ. ನಮ್ಮಲ್ಲಿ ಆರು ಮಂದಿ ಎಂಜಿನಿಯರುಗಳು. ಹೊಲಿಗೆ ಒಂದೂ ತಪ್ಪದಂತೆ ಎಣಿಸಿದ್ದೆವು. ಕಾಲನ್ನು ಯಾರೂ ಎಣಿಸಿರಲಿಲ್ಲ.

“ಬಿಚ್ಚಿ ತಗಿ,” ಎಂದರು ಶಾಂತಕ್ಕ. “ಕಸೂತ್ಯಾಗ ಗಂಟು ಹಾಕೂದಿಲ್ಲ, ದಾರ ಸುಮ್ಮನ ಬರತದ.”

ಸೂಜಿ ಹಿಡಿದು ಕೂತೆ. ಯಾವುದನ್ನು ಬಿಚ್ಚುವುದು? ಕೊನೆಯದಕ್ಕೆ ಗೆಜ್ಜೆ ಇದೆ, ಅದು ಅವ್ವನದೇ. ಮೊದಲನೆಯದು ತುಸು ಮುಂದೆ ಚಾಚಿದೆ, ಅದೂ ಅವ್ವನದೇ. ನಡುವಿನವು? ಸೆರಗಿನಲ್ಲಿ ಕಂಡದ್ದೋ, ತಿಂಗಳುಗಟ್ಟಲೆ ಲ್ಯಾಪ್‌ಟಾಪಿನಲ್ಲಿ ನೋಡಿ ನೋಡಿ ಕಂಡಂತಾದದ್ದೋ? ನನ್ನ ನೆನಪು ಐದಕ್ಕೂ ಒಂದೇ ಧೈರ್ಯದಿಂದ ಸಾಕ್ಷಿ ಹೇಳುತ್ತಿತ್ತು. ತಪ್ಪಿ ಬಿಚ್ಚಿದರೆ ಅವ್ವನ ಕಾಲು ಹೋಗಿ ನನ್ನದು ನಿಲ್ಲುತ್ತದೆ.

ಸೂಜಿ ಕೆಳಗಿಟ್ಟು ಗುಂಪಿಗೆ ಬರೆದೆ: “ಇದರಲ್ಲಿ ನಾಲ್ಕು ಕಾಲು ನಮ್ಮವ್ವನವು, ಒಂದು ನನ್ನದು. ಯಾವುದು ಅಂತ ಕೇಳಬೇಡಿ.”