ವಾರ್ಸಿನಾಳ ತೊಡೆಯ ಒಲೆಗಳು

ಸೋಲೊ ಊರಿನ ನಮ್ಮ ಗಲ್ಲಿಯಲ್ಲಿ ವಾರ್ಸಿನಾ ಜಾಮು ಮಾರುತ್ತಿದ್ದಳು. ಬೇರು, ಅರಿಶಿನ, ಬೆಲ್ಲ ಕುದಿಸಿದ ಈ ಕಷಾಯದ ಸೀಸೆಗಳನ್ನು ಬುಟ್ಟಿಯಲ್ಲಿಟ್ಟು, ಬಟ್ಟೆಯಿಂದ ಬೆನ್ನಿಗೆ ಬಿಗಿದುಕೊಂಡು ಮನೆಮನೆ ಅಲೆಯುವುದು ಅವಳ ಅಜ್ಜಿಯ ಕಾಲದ ಕಸುಬು. ಉಳಿದದ್ದನ್ನು ಚೆಲ್ಲಿದರೆ ವ್ಯಾಪಾರ ಕೈಬಿಡುತ್ತದೆಂಬ ನಂಬಿಕೆ, ಮಾರುವವಳೇ ಕುಡಿಯಬೇಕು. ನಡೆಯುವಷ್ಟು ದಿನ ಅದು ಅರಗಿತು. ಬೈಕ್ ಕೊಂಡ ಮೇಲೂ ಕುಡಿದಳು ನೋಡಿ, ಅಲ್ಲೇ ಎಡವಿದ್ದು. ಮೈ ಊದಿತು, ಸಕ್ಕರೆ ಕಾಯಿಲೆ ಹತ್ತಿತು.

ಅವಳ ನಾದಿನಿ ಪೋನಿರಾ ಕಡ್ಡಿಯಂಥವಳು. ನಾಲಿಗೆ ಮಾತ್ರ ಮೊಳದುದ್ದ. ತಾನೂ ಬೈಕ್ ಏರಿ ಅತ್ತಿಗೆಯ ಗಿರಾಕಿಗಳಿಗೇ ತೆಳ್ಳಗಾಗುವ ಜಾಮು ಮಾರತೊಡಗಿದಳು. ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲರೆದುರು, "ನಮ್ಮತ್ತಿಗೆ ಜಾಮು ಕುಡಿದ್ರೆ ನಮ್ಮತ್ತಿಗೆ ಥರಾನೇ ಆಗ್ತೀರಿ" ಎಂದಳು. ಜನ ನಕ್ಕರು. ತಟ್ಟೆ ಬಿಟ್ಟು ಎದ್ದ ವಾರ್ಸಿನಾ ನನ್ನ ಹಿತ್ತಿಲಲ್ಲಿ ನಿಂತು ಹಲ್ಲು ಕಡಿದಳು. "ಇವಳ ಸೊಕ್ಕು ಮುರೀದಿದ್ರೆ ನಾನು ಜಾಮು ಮಾರೋಳೇ ಅಲ್ಲ." ಕಸುಬು ಹೋದರೆ ಅವಳಿಗೆ ಹೊಟ್ಟೆಗೂ ಇಲ್ಲ, ಮಾನವೂ ಇಲ್ಲ.

ಸಕ್ಕರೆಗೆ ಮದ್ದು ಕೇಳಲು ಹೋದ ಆಸ್ಪತ್ರೆಯಲ್ಲಿ ಇಂಥ ರೋಗಿಗಳನ್ನೇ ಅಧ್ಯಯನ ಮಾಡುತ್ತಿದ್ದ ಡಾಕ್ಟರಮ್ಮ ಅವಳ ತೊಡೆಯಿಂದ ಚಿಟಿಕೆ ಮಾಂಸ ತೆಗೆದು ಪರೀಕ್ಷಿಸಿದರು. ಸ್ನಾಯುವಿನ ಕಣಕಣದಲ್ಲೂ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿರುತ್ತವಂತೆ. ತಿಂದದ್ದು ಅಲ್ಲಿ ಉರಿಯಬೇಕು. ಕಾಲಿಗೆ ಕೆಲಸ ತಪ್ಪಿ ಅವಳ ಒಲೆಗಳು ಕಡಿಮೆಯಾಗಿದ್ದವು, ಇದ್ದವೂ ಮಂಕಾಗಿದ್ದವು. ನಡೆದರೆ ಹೊಸವು ಹುಟ್ಟುತ್ತವೆ, ಮಾತ್ರೆ ಬಿಡಬೇಡ, ಸಿಹಿ ಮುಟ್ಟಬೇಡ ಎಂದರು.

ವಾರ್ಸಿನಾ ಬೈಕ್ ಮಾರಿ ಮತ್ತೆ ಬುಟ್ಟಿ ಹೊತ್ತಳು. ವ್ಯಾಪಾರ ಕೈಬಿಟ್ಟರೆ ಬಿಡಲಿ ಎಂದು ಉಳಿದ ಜಾಮನ್ನು ಚರಂಡಿಗೆ ಚೆಲ್ಲಿದಳು. ದಿನವೂ ನಾದಿನಿಯ ಬಾಗಿಲ ಮುಂದೆಯೇ ಹಾದು ಬೇಕೆಂದೇ ಗಟ್ಟಿಯಾಗಿ ಕೂಗುತ್ತಿದ್ದಳು. ಮೈ ಹೆಚ್ಚೇನೂ ಇಳಿಯಲಿಲ್ಲ. ಪೋನಿರಾ ಮೂಗು ಮುರಿದಳು. ಆದರೆ ಸಕ್ಕರೆ ಇಳಿಯಿತು.

ಮಳೆಗಾಲ ಮುಗಿದ ಮೇಲೆ ಗಲ್ಲಿಯ ಆರೋಗ್ಯ ಶಿಬಿರದಲ್ಲಿ ಹೆಂಗಸರೆಲ್ಲ ರಕ್ತಪರೀಕ್ಷೆಗೆ ಕೂತರು. ನರ್ಸ್ ಪೋನಿರಾಳ ಸಕ್ಕರೆಯನ್ನು ಎರಡೆರಡು ಸಲ ನೋಡಿ, ಎಲ್ಲರಿಗಿಂತ ಇವಳದೇ ಹೆಚ್ಚು ಎಂದಳು. ಬೈಕ್ ಬಿಟ್ಟು ಕೆಳಗಿಳಿಯದ ಆ ಕಡ್ಡಿಕಾಲುಗಳಲ್ಲೂ ಒಲೆ ಆರಿತ್ತು. ಮಾಡಿದ್ದುಣ್ಣೋ ಮಹರಾಯ. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ?

ಮರುದಿನ ಬೆಳಿಗ್ಗೆ ಅವಳು ಅಳುತ್ತ ಅತ್ತಿಗೆಯ ಬಾಗಿಲಿಗೆ ಬಂದು ಸಕ್ಕರೆ ಇಳಿಸುವ ದಾರಿ ಕೇಳಿದಳು. ವಾರ್ಸಿನಾ ಬೈಯಲಿಲ್ಲ. ತುಂಬಿದ ಬುಟ್ಟಿಯನ್ನು ಅವಳ ಬೆನ್ನಿಗೆ ಬಿಗಿದು, ಅವಳದೇ ಗಿರಾಕಿಗಳ ಬೀದಿಗೆ ನಡೆಸಿಕೊಂಡು ಹೋದಳು. ಪ್ರತಿ ಬಾಗಿಲಲ್ಲೂ "ನಮ್ಮತ್ತಿಗೆ ಜಾಮು" ಎಂದು ಪೋನಿರಾಳೇ ಕೂಗಬೇಕು. ನಾನೂ ಹಿಂದೆ ಹಿಂದೆ ಹೋದೆ, ಬಿಡುವುದುಂಟೇ?

"ಕಾಲು ಬಿದ್ದೋಗ್ತಿದೆ ಅತ್ತಿಗೆ. ಸ್ವಲ್ಪ ಇಳಿಸ್ಲಾ?"

"ಇಳಿಸ್ಬೇಡ ಕಣೆ, ಒಲೆ ಈಗಷ್ಟೇ ಹತ್ತಿದೆ. ನಡಿ."