ಬಗನಿಗದ್ದೆಯ ಜಲ

ಸೀತಕ್ಕನಿಗೆ ಓದು ಬರುತ್ತಿರಲಿಲ್ಲ, ಆದರೆ ಕೊಪ್ಪದ ಸುತ್ತಲಿನ ನೆಲವೆಲ್ಲ ಬಾಯಿಪಾಠವಾಗಿತ್ತು. ಮೂವತ್ತು ವರ್ಷ ಕಂಡವರ ಗದ್ದೆಯಲ್ಲಿ ನಟ್ಟಿ ಮಾಡಿದ ಹೆಂಗಸು. ಯಾವ ಗದ್ದೆಯಲ್ಲಿ ಕಾಲು ಹೂತುಹೋಗುತ್ತದೆ, ಯಾವುದರಲ್ಲಿ ನೀರು ನಿಲ್ಲುವುದೇ ಇಲ್ಲ ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದಳು. ಅಷ್ಟು ಬಲ್ಲ ನೆಲದಲ್ಲಿ ತನ್ನದೆನ್ನಲು ಅಂಗೈಯಗಲ ಜಾಗ ಇರಲಿಲ್ಲ. ಇದ್ದದ್ದು ಬಾಳಗಡಿಯಲ್ಲೊಂದು ಬಾಡಿಗೆ ಕೋಣೆ. ಊರಲ್ಲಿ ಕಾಲೇಜು ಹುಡುಗರು ಹೆಚ್ಚಿದಂತೆಲ್ಲ ಮಾಲೀಕ "ಯಾವಾಗ ಬಿಡ್ತೀಯ?" ಎಂದು ಕೇಳತೊಡಗಿದ್ದ. ಸಾಯುವುದರೊಳಗೆ ಯಾರೂ ಎಬ್ಬಿಸದ ಒಂದು ಮನೆ ಬೇಕು, ಅವಳ ಆಸೆ ಅಷ್ಟೇ.

ಎರಡು ಸಾವಿರದ ಎರಡರಲ್ಲಿ ಮನೆಯಿಲ್ಲದವರಿಗೆ ನಿವೇಶನ ಕೊಡುತ್ತಾರೆಂದು ಸುದ್ದಿಯಾಯಿತು. ಪೇಟೆಯಂಚಿನ ಎತ್ತರದ ಜಾಗಗಳೆಲ್ಲ ಆ ಹೊತ್ತಿಗೆ ಕೈ ಉದ್ದವಿದ್ದವರ ಪಾಲಾಗಿದ್ದವು. ಬಡವರಿಗೆ ಉಳಿದದ್ದು ಬಗನಿಗದ್ದೆ ಎಂಬ ತಗ್ಗು. ಇಂಥದ್ದಕ್ಕೆ ಯೋಜನೆ ಅಂತ ಹೆಸರು ಬೇರೆ!

ಏಪ್ರಿಲ್ ಬಿಸಿಲಲ್ಲಿ ಅಳತೆಗೆ ಬಂದ ಅಧಿಕಾರಿ ಬಯಲುಸೀಮೆಯ ಕಡೂರು ಕಡೆಯವರು. ಒಳ್ಳೆಯ ಮನುಷ್ಯ, ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಸಮಾಧಾನಪಡಬಹುದಿತ್ತು. ಗದ್ದೆ ಒಣಗಿ ಬಿರುಕು ಬಿಟ್ಟಿತ್ತು. ಈ ಜಾಗ ಬಲ್ಲವರು ಯಾರು ಎಂದು ಅವರು ಕೇಳಿದಾಗ ಅರ್ಜಿ ಹಾಕಿದವರೆಲ್ಲ ಸೇರಿ ಸೀತಕ್ಕನನ್ನು ಮುಂದೆ ತಳ್ಳಿದರು.

"ಇಲ್ಲಿ ಜಲ ಏಳ್ತದೆ ಸಾರ್," ಎಂದಳು. "ಎಲ್ಲಿ ನೋಡಿದ್ರೂ ಜಲವೇ."

ಮಲೆನಾಡಿನ ಮಕ್ಕಳಿಗೂ ಇದರ ಅರ್ಥ ಗೊತ್ತು. ಆಷಾಢದಲ್ಲಿ ನೆಲ ನೀರು ಕುಡಿದು ಕುಡಿದು ಸಾಕಾಗಿ, ಒಳಗಿನಿಂದ ಬುಗ್ಗೆಬುಗ್ಗೆಯಾಗಿ ಹೊರಗೆ ಕಾರುತ್ತದೆ. ಅಂಥಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ಆದರೆ ಕಡೂರಿನವರಿಗೆ ಜಲವೆಂದರೆ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ಹುಡುಕಿಸಿ, ಮುನ್ನೂರು ಅಡಿ ಕೊರೆಸಿದರೂ ಸಿಗದ ಭಾಗ್ಯ. ಅವರ ಮುಖ ಅರಳಿತು. "ಪುಣ್ಯವಂತರು ಕಣಮ್ಮ ನೀವು!" ಎನ್ನುತ್ತ ಬರೆದುಕೊಂಡರು. ಪುಣ್ಯ ಯಾಕೆ ಬಂತೆಂದು ಸೀತಕ್ಕನಿಗೆ ತಿಳಿಯಲಿಲ್ಲ. ಓದಿದವರು ಏನಾದರೂ ದಾರಿ ಮಾಡುತ್ತಾರೆ ಎಂದುಕೊಂಡು ಹೆಬ್ಬೆಟ್ಟು ಒತ್ತಿದಳು.

ಮೂರು ವರ್ಷದಲ್ಲಿ ನಲವತ್ತು ಮನೆ ಎದ್ದವು. ನಾಲ್ಕು ಲಾರಿ ಮಣ್ಣು ಸುರಿದರು, ಚರಂಡಿಗೆಂದು ಸುಣ್ಣದ ಗೆರೆ ಎಳೆದರು. ಗೆರೆ ಗೆರೆಯಾಗಿಯೇ ಉಳಿಯಿತು. ಹದಿನೇಳನೆಯ ಮನೆಯಲ್ಲಿ ಹಾಲು ಉಕ್ಕಿಸಿದ ದಿನ ಸೀತಕ್ಕ ಸಂತೋಷಕ್ಕೆ ಬಿಕ್ಕಿಬಿಕ್ಕಿ ಅತ್ತಳು. ಆಷಾಢ ಬಂತು, ಅಡುಗೆಮನೆಯ ಸಿಮೆಂಟು ಸೀಳಿಕೊಂಡು ಜಲ ಎದ್ದಿತು. ಮಳೆ ಬಿಟ್ಟರೂ ಅದು ಬಿಡಲಿಲ್ಲ. ಎಲ್ಲರ ಕಕ್ಕಸುಗುಂಡಿಗಳೂ ತುಂಬಿ ಉಕ್ಕಿ, ಹೊಲಸು ಅಂಗಳಕ್ಕೆ, ಅಲ್ಲಿಂದ ಬಾವಿಗೆ ಇಳಿಯಿತು. ಪಕ್ಕದ ಮನೆಯ ಯಮುನಮ್ಮನ ಮೊಮ್ಮಗಳು ಕಮಲ, ನಾಲ್ಕು ವರ್ಷದ ಕೂಸು, ವಾಂತಿಭೇದಿಯಾಗಿ ಮೂರೇ ದಿನಕ್ಕೆ ತೀರಿಕೊಂಡಿತು.

ನಲವತ್ತು ಮನೆಯವರೂ ಕಚೇರಿಗೆ ಹೋದರು. ಗುಮಾಸ್ತ ರೇಣುಕಪ್ಪ ಫೈಲು ತೆಗೆದು ಓದಿದ: "ಸ್ಥಳದಲ್ಲಿ ಸಮೃದ್ಧ ಜಲವಿದ್ದು, ವಾಸಕ್ಕೆ ಯೋಗ್ಯವೆಂದು ಸ್ಥಳೀಯರಾದ ಸೀತಕ್ಕ ತಿಳಿಸಿರುತ್ತಾರೆ."

ಅವನು ಕೊಪ್ಪದವನೇ. ಓದುತ್ತಿದ್ದಂತೆ ಎಡವಟ್ಟು ಎಲ್ಲಾಯಿತೆಂದು ಅವನಿಗೆ ಹೊಳೆಯಿತು. "ಅಳತೆಗೆ ಬಂದ ಸಾಹೇಬ್ರು ತಪ್ಪು ತಿಳ್ಕೊಂಡಿದಾರೆ ಮಾರಾಯ್ರೆ. ಆದ್ರೆ ಈಗ ಎಂತ ಮಾಡೂದು? ಬೇರೆ ಜಾಗ ಎಲ್ಲಿದೆ?" ಎಂದು ಫೈಲು ಮುಚ್ಚಿದ.

ಹೊರಗೆ ಮೆಟ್ಟಿಲ ಹತ್ತಿರ ಯಮುನಮ್ಮ ನಿಂತಳು. "ಜಲ ಇದೆ ಅಂತ ನೀನು ಹೇಳಿದ್ದಾ ಸೀತಕ್ಕ?"

"ಮನೆ ಕಟ್ಟೂದು ಬ್ಯಾಡ ಅಂತ್ಲೇ ಹೇಳಿದ್ದು ಮಾರಾಯ್ತಿ."

"ಬ್ಯಾಡ ಅನ್ನೋ ಮಾತು ಬಾಯಲ್ಲಿ ಬಂತಾ?"

ಬಂದಿರಲಿಲ್ಲ. ಅಧಿಕಾರಿಗೆ ಅರ್ಥವಾಗಿಲ್ಲವೇನೋ ಎಂಬ ಅನುಮಾನ ಅವಳಿಗೆ ಅಂದೇ ಬಂದಿತ್ತು. ಬೇಡ ಎಂದುಬಿಟ್ಟರೆ ಇದೂ ಕೈತಪ್ಪೀತೆಂಬ ಹೆದರಿಕೆಗೆ ಆ ಒಂದು ಮಾತನ್ನು ನುಂಗಿಕೊಂಡಿದ್ದಳು. ಈಗ ಅದನ್ನು ಯಾರ ಹತ್ತಿರ ಹೇಳುವುದು? ಯಮುನಮ್ಮ ಉತ್ತರಕ್ಕೆ ಕಾಯದೆ ನಡೆದುಬಿಟ್ಟಳು.

ಆಮೇಲಿನ ಮಳೆಗಾಲಗಳಲ್ಲಿ ಸೀತಕ್ಕ ಬೆಳಗಾಗುತ್ತಲೇ ತನ್ನ ಮನೆಯ ನೀರು ಬಳಿದು, ತಂಬಿಗೆ ಬಕೆಟ್ಟು ಹಿಡಿದು ಯಮುನಮ್ಮನ ಮನೆಗೆ ಹೋಗುತ್ತಾಳೆ. ಯಮುನಮ್ಮ ಬಾ ಎನ್ನುವುದಿಲ್ಲ, ಹೋಗು ಎನ್ನುವುದೂ ಇಲ್ಲ. ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ಬಳಿಯುತ್ತಾರೆ, ಬಳಿದಷ್ಟೂ ಜಲ ಏಳುತ್ತದೆ.